ಸಿಲಿಂಡರಿಗೆ ಕಟ್ಟಿದ ದಾರ

ಅಜ್ಜಂಪುರದ ಆಚೆಗಿನ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಈರಕ್ಕನಿಗೆ ಯಾವ ವಸ್ತುವನ್ನೂ ಕಾಲಲ್ಲಿ ಸರಿಸಿ ಗೊತ್ತಿಲ್ಲ. ಪೊರಕೆ ತುಳಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವಳು. ಹಾಗಾಗಿ ಅಡುಗೆಕೋಣೆಯ ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರು ಬಂದ ವರ್ಷ, ದಸರಾ ರಜೆಗೆ ಮುಂಚಿನ ಆಯುಧಪೂಜೆಯಲ್ಲಿ ಅದಕ್ಕೂ ಪಾಲು ಸಿಕ್ಕಿತು. ಕಡೂರಿನಿಂದ ಬಂದು ಅದನ್ನು ನೇತುಹಾಕಿದವನು, ಪಿನ್ನು ಎಳೆದು ಹಿಡಿಕೆ ಒತ್ತಬೇಕೆಂದು ತೋರಿಸಿ ಹೋಗಿದ್ದ. ಈರಕ್ಕ ಅದನ್ನು ಒರೆಸಿ, ವಿಭೂತಿ ಬಳಿದು, ಹಿಡಿಕೆಯನ್ನೂ ಪಿನ್ನಿನ ಉಂಗುರವನ್ನೂ ಸೇರಿಸಿ ಅರಿಶಿನದ ದಾರ ಸುತ್ತಿದಳು. ಕಟ್ಟಿದ ಕಂಕಣ ಬಿಚ್ಚಿದರೆ ಕೇಡೆಂದು ಮರುವರ್ಷ ಅದರ ಮೇಲೆಯೇ ಇನ್ನೊಂದು, ಅದರ ಮುಂದಿನ ವರ್ಷ ಮತ್ತೊಂದು.

“ಏನಕ್ಕಾ, ಇದಕ್ಕೂ ತಾಳಿ ಕಟ್ಬಿಟ್ಯಾ?” ಎಂದು ಜೊತೆಯ ಅಡುಗೆಯವಳು ಸಂಗೀತಾ ನಗುತ್ತಿದ್ದಳು.

“ಸುಮ್ನಿರೇ. ನಮ್ಮನ್ ಕಾಯೋದು ಕಣೇ ಅದು.”

ಹೆಡ್‌ಮಾಸ್ಟರ್ ಪಂಚಾಕ್ಷರಪ್ಪನವರೂ ಬಂದು ಮಂಗಳಾರತಿ ತೆಗೆದುಕೊಂಡು ಹೋಗುತ್ತಿದ್ದರು.

ಮೂರನೆಯ ದಸರೆ ಕಳೆದ ಮೇಲೆ, ಒಂದು ಗುರುವಾರ, ಒಗ್ಗರಣೆಗೆ ಎಣ್ಣೆ ಕಾದಿತ್ತು. ಗ್ಯಾಸಿನ ಪೈಪು ಎಲ್ಲಿ ಬಿರುಕು ಬಿಟ್ಟಿತ್ತೋ, ಬುಸ್ಸೆಂದ ಉರಿ ಒಲೆಯ ಮುಂದಿದ್ದ ಸಂಗೀತಳ ಸೆರಗಿಗೆ ಹತ್ತಿತು. ಈರಕ್ಕ ಓಡಿ ಗೋಡೆಯ ಮೇಲಿನ ಕೆಂಪು ಸಿಲಿಂಡರು ಇಳಿಸಿಕೊಂಡಳು. ಪಿನ್ನು ಬರಲಿಲ್ಲ. ಅರಿಶಿನ ಕುಂಕುಮ ಮೆತ್ತಿಕೊಂಡು ದಾರ ನಾರಿನಂತೆ ಬಿಗಿದುಹೋಗಿತ್ತು. ಈಳಿಗೆಮಣೆ ಉರಿಯ ಆ ಬದಿಗಿತ್ತು. ಹಲ್ಲಿನಿಂದ ಕಡಿದಳು, ಒಂದು ಎಳೆ ತುಂಡಾದರೆ ಒಳಗೆ ಇನ್ನೊಂದು. ಕಡೆಗೆ ಮೇಷ್ಟ್ರು ಸಿದ್ದೇಶ್ ಒದ್ದೆ ಗೋಣಿಚೀಲ ಹೊದಿಸಿ ಆರಿಸುವಷ್ಟರಲ್ಲಿ ಸಂಗೀತಳ ಬಲಗೈ ಭುಜದವರೆಗೂ ಬೆಂದಿತ್ತು.

ವಿಚಾರಣೆಗೆ ಬಂದವರ ಮುಂದೆ ಪಂಚಾಕ್ಷರಪ್ಪನವರು ಬೆಂಕಿ ಆರಿಸುವ ಸಿಲಿಂಡರೇ ಕೆಟ್ಟಿತ್ತು ಎಂದುಬಿಟ್ಟರು. ಬಂದವರು ಹೋದಮೇಲೆ ಈರಕ್ಕ ಹೆಡ್‌ಮಾಸ್ಟರಿಗೆ ಇದ್ದದ್ದನ್ನು ಹೇಳಿದಳು.

“ಬಾಯ್ಮುಚ್ಚಮ್ಮ. ಪೂಜೇಲಿ ನಾನೂ ನಿಂತಿದ್ದೆ. ದಾರದ್ ಕತೆ ಹೇಳಿದ್ರೆ ಇಬ್ರೂ ಮನೇಗ್ ಹೋಗ್ತೀವಿ,” ಎಂದರು ಅವರು.

ಯಾರೂ ಅವಳನ್ನು ಬಯ್ಯಲಿಲ್ಲ.

ಸಂಗೀತಾ ಆಸ್ಪತ್ರೆಯಿಂದ ಬಂದಾಗ ಬೆರಳುಗಳು ಒಳಕ್ಕೆ ಮುರುಟಿಕೊಂಡಿದ್ದವು. ಸೌಟು ಹಿಡಿಯಲಾಗದ ಕೈಗೆ ಶಾಲೆಯಲ್ಲಿ ಕೆಲಸವಿರಲಿಲ್ಲ. ಆ ಜಾಗಕ್ಕೆ ಬೇರೆಯವಳು ಬಂದಳು. ಈರಕ್ಕ ದಿನಾ ಸಂಜೆ ಅವಳ ಮನೆಗೆ ಹೋಗಿ ಬಿಂದಿಗೆ ತುಂಬಿಸಿದಳು, ತಲೆ ಬಾಚಿದಳು, ಹೇಳಬೇಕಾದ್ದನ್ನು ಹೇಳದೆ ವಾಪಸಾದಳು. ತಿಂಗಳುಗಳು ಹಾಗೇ ಹೋದವು. ಒಂದು ಸಂಜೆ ಜಡೆ ಹೆಣೆಯುತ್ತ, ಬೆನ್ನ ಹಿಂದಿನಿಂದಲೇ, “ನನ್ನಿಂದಾನೇ ಆಗಿದ್ದು ಕಣೇ,” ಎಂದಳು.

ಸಂಗೀತಾ ತಿರುಗಲಿಲ್ಲ.

“ಗೊತ್ತು. ನಾನ್ ಉರೀತಾ ಇದ್ದೆ, ನೀನ್ ಹಲ್ಲಲ್ ಕಡೀತಾ ಇದ್ದೆ. ನೋಡ್ದೆ. ಆಸ್ಪತ್ರೇಲಿ ಕೇಳಿದ್ರು, ಹೇಳ್ಲಿಲ್ಲ. ಒಬ್ರಿಗಾದ್ರೂ ಕೆಲ್ಸ ಇರ್ಲಿ ಅಂತ. ನೀನಾಗೇ ಬಾಯ್ಬಿಡ್ತೀಯೇನೋ ಅಂತ ದಿನಾ ಕಾಯ್ತಿದ್ದೆ. ಇಷ್ಟ್ ದಿನ ಬೇಕಾಯ್ತಲ್ಲಕ್ಕ. ನಾಳೆಯಿಂದ ಬರ್ಬೇಡ,” ಎಂದಳು.

ಈರಕ್ಕ ಜಡೆಯನ್ನು ಪೂರ್ತಿ ಹೆಣೆದಳು. ಬಾಚಣಿಗೆಯ ಹಲ್ಲುಗಳಿಗೆ ಸಿಕ್ಕಿದ್ದ ಕೂದಲು ಬಿಡಿಸಿ, ಅದನ್ನು ಸಂಗೀತಳ ಎಡಗೈಗೆ ಸಿಗುವಂತೆ ಕಿಟಕಿಯಲ್ಲಿಟ್ಟು ಎದ್ದಳು.