ಪೆನ್ಸಿಲ್ಲಿನಲ್ಲಿ ಹಾಕಿದ ವೋಟು

ಇದು ನಡೆದದ್ದು ಸಿಂಗಾಪುರದ ಬೆಡೋಕಿನ ಹಾಕರ್ ಸೆಂಟರಿನಲ್ಲೋ ಆಂಗ್ ಮೋ ಕಿಯೋದಲ್ಲೋ ಎಂದು ನೀವು ಕೇಳಿದರೆ ನಾನು ಆಣೆಯಿಟ್ಟು ಹೇಳಲಾರೆ. ನನ್ನ ನೆನಪು ಬೆಡೋಕ್ ಎನ್ನುತ್ತದೆ, ಹೆಂಡತಿ ಸುಧಾಳ ನೆನಪು ಆಂಗ್ ಮೋ ಕಿಯೋ ಎನ್ನುತ್ತದೆ. ಅಂದು ಪ್ರಸನ್ನ ಎಂಬವನು ನಮ್ಮ ಟೇಬಲ್ಲಿನಿಂದ ಎದ್ದು ಹೋದಾಗ ಅವನ ಮುಖ ಕೆಂಪಾಗಿತ್ತು ಎಂದು ನಾನು; ಇಲ್ಲ, ನಗುತ್ತಲೇ ಹೋದ ಎಂದು ಅವಳು. ಎಲ್ಲವನ್ನೂ ಸಂಶಯಿಸಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ನನ್ನ ನೆನಪನ್ನು ಮಾತ್ರ ಬಹಳ ತಡವಾಗಿ ಸಂಶಯಿಸಲು ಕಲಿತೆ.

ಮೊನ್ನೆ ಮಗಳು ಚಿತ್ರ ಬರೆಯಲು ಕೂತು ಪೆನ್ಸಿಲ್ ಮೊನೆ ಮಾಡುತ್ತಿದ್ದಳು. ಮರದ ಹೊಟ್ಟಿನ ಆ ಒಣ ವಾಸನೆ ಬಂದದ್ದೇ ಒಂದು ಚಿಟಿಕೆ ತೆಗೆದು ಮೂಗಿಗೆ ಹಿಡಿದೆ.

“ಅಪ್ಪಾ, ಡೋಂಟ್ ಲಾ! ಯಾರಾದ್ರೂ ಅದನ್ನ ಸ್ಮೆಲ್ ಮಾಡ್ತಾರಾ?”

“ಪೆನ್ಸಿಲ್ ಪ್ರಸನ್ನ,” ಎಂದುಬಿಟ್ಟೆ.

ಯಾರದು ಎಂದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅವಳು ಚಿಕ್ಕವಳಿದ್ದಾಗ ಭಾನುವಾರ ಬೆಳಿಗ್ಗೆ ಮಕ್ಕಳ ಕನ್ನಡ ಕ್ಲಾಸ್ ಇರುತ್ತಿತ್ತು. ಅದು ಮುಗಿಯುವವರೆಗೆ ಅಪ್ಪ ಅಮ್ಮಂದಿರು ಪಕ್ಕದ, ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಫಿ ಹಿಡಿದು ಕೂರುತ್ತಿದ್ದೆವು. ಬ್ರಿಟನ್ ಯುರೋಪಿನ ಒಕ್ಕೂಟ ಬಿಡಬೇಕೆಂದು ಜನ ವೋಟು ಹಾಕಿದ ವರ್ಷ ಅದು. ಎಣಿಕೆ ಮುಗಿದಿದ್ದರೂ ಜಗಳ ಮುಗಿದಿರಲಿಲ್ಲ. ಅಲ್ಲೂ ಮುಗಿದಿರಲಿಲ್ಲ, ನಮ್ಮ ಟೇಬಲ್ಲಿನಲ್ಲೂ ಮುಗಿದಿರಲಿಲ್ಲ. “ಹಾಳಾಗೋದ್ರು,” ಎನ್ನುವವರು ಒಂದು ಕಡೆ, “ಅವರ ಮನೆ, ಅವರಿಷ್ಟ,” ಎನ್ನುವವರು ಇನ್ನೊಂದು ಕಡೆ. ನಾವೆಲ್ಲ ಸಿಂಗಾಪುರದಲ್ಲಿ ಕೆಲಸದ ಪಾಸ್ ಮೇಲೆ ಇದ್ದವರು. ಇಲ್ಲಿ ವೋಟಿಲ್ಲ, ಊರಿನ ಪಟ್ಟಿಯಲ್ಲಿ ಹೆಸರು ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಇರಬೇಕು, ಬೇರೆಯವರ ವೋಟಿನ ಬಗ್ಗೆ ಅಷ್ಟು ಬಿಸಿಯಾಗಿ ವಾದಿಸುತ್ತಿದ್ದೆವು.

ಆ ಟೇಬಲ್ಲಿನಲ್ಲಿ ಬ್ರಿಟನ್ನಿನ ಉಸ್ತುವಾರಿ ನನ್ನದಾಗಿತ್ತು. ಲೀಡ್ಸ್‌ನಲ್ಲಿ ಒಂದು ವರ್ಷ ಎಂಎಸ್ಸಿ ಓದಿದ್ದೆನಲ್ಲ! “ನಾನು ಅಲ್ಲಿದ್ದಾಗ…” ಎಂದು ಶುರು ಮಾಡಿದರೆ ಉಳಿದವರು ಲೋಟ ಕೆಳಗಿಡುತ್ತಿದ್ದರು. ಗೌರವದಿಂದ ಎಂದು ಆಗ ತಿಳಿದಿದ್ದೆ.

ಅಲ್ಲಿಗೆ ಪ್ರಸನ್ನ ಬಂದ. ಮೈಸೂರಿನವನು. ನಾಲ್ಕು ವರ್ಷ ಬರ್ಮಿಂಗ್‌ಹ್ಯಾಮಿನಲ್ಲಿದ್ದು, ಕಂಪನಿಯವರು ಕಳಿಸಿದ್ದರಿಂದ ಸಿಂಗಾಪುರಕ್ಕೆ ಬಂದಿದ್ದ. ಮಗನನ್ನು ಕ್ಲಾಸಿಗೆ ಸೇರಿಸಿ ನಮ್ಮ ಜೊತೆ ಕೂತ. ನಮ್ಮ ವಾದ ಕೇಳಿ ಮೆಲ್ಲಗೆ ಹೇಳಿದ: “ನಾನು ವೋಟ್ ಹಾಕ್ದೆ ಸಾರ್. ಬಿಡೋದಕ್ಕೇ ಹಾಕ್ದೆ.”

ಟೇಬಲ್ ಪೂರ್ತಿ ಅವನತ್ತ ತಿರುಗಿತು.

“ತಪ್ಪು ಮಾಡಿದ್ನೇನೋ, ಗೊತ್ತಿಲ್ಲ. ನಮ್ಮಮ್ಮನ ವಿಸಿಟ್ ವೀಸಾ ಎರಡು ಸಲ ರಿಜೆಕ್ಟ್ ಆಯ್ತು. ನಮ್ಮ ಆಫೀಸಲ್ಲಿದ್ದ ಪೋರ್ಚುಗಲ್ ಹುಡುಗಿ ಅಮ್ಮ ವೀಸಾನೇ ಇಲ್ದೆ ತಿಂಗಳಿಗೊಂದ್ಸಲ ಬಂದು ಹೋಗೋರು. ಹೊಟ್ಟೆಕಿಚ್ಚು ಅಂದ್ಕೊಳ್ಳಿ.”

“ಅಮ್ಮ ಆಮೇಲೆ ಬಂದ್ರಾ?” ಎಂದಳು ಸುಧಾ. ಕುರ್ಚಿಗಳು ನೆಲಕ್ಕೆ ಬೋಲ್ಟ್ ಆಗಿರದಿದ್ದರೆ ಅವಳು ಅವನ ಕಡೆಗೆ ಎಳೆದುಕೊಳ್ಳುತ್ತಿದ್ದಳು ಎಂದು ನನಗನ್ನಿಸಿತು.

“ಎಲ್ಲಿ ಬರ್ತಾರೆ? ಆ ದೇಶ ಒಕ್ಕೂಟ ಬಿಡೋಕೆ ಮುಂಚೆ ನಾನೇ ಆ ದೇಶ ಬಿಟ್ಟಾಯ್ತು.”

ಎಲ್ಲರೂ ನಕ್ಕರು. ನನ್ನ ಒಂದು ವರ್ಷದ ಲೀಡ್ಸ್ ಅಷ್ಟರಲ್ಲಿ ತಣ್ಣಗಾಗಿತ್ತು. ಅವನು ನಾಲ್ಕು ವರ್ಷ ಇದ್ದನೆಂಬುದು ನನ್ನನ್ನು ಅಷ್ಟು ಸುಡಲಿಲ್ಲ. ಒಂದು ದೇಶದ ಹಣೆಬರಹದಲ್ಲಿ ಅವನದೂ ಒಂದು ಗೀಟಿದೆ, ನನ್ನದು ಎಲ್ಲೂ ಇಲ್ಲ. ಅದು ಸುಟ್ಟಿತು.

“ಒಂದ್ನಿಮಿಷ,” ಎಂದೆ. “ನಿಮ್ಮದು ಯಾವ ಪಾಸ್‌ಪೋರ್ಟು?”

“ಇಂಡಿಯನ್ನೇ.”

ಸೆಲೆಟಾರಿನಲ್ಲಿ ನಾನು ಕೆಲಸ ಮಾಡುವ ವಿಮಾನ ರಿಪೇರಿ ಶೆಡ್ಡಿನಲ್ಲಿ ಮಾಲ್ಕಂ ಎಂಬ ಹಿರಿಯನಿದ್ದ. ಅಪ್ಪಟ ಇಂಗ್ಲೆಂಡಿನವನು, ಹದಿನೆಂಟು ವರ್ಷದಿಂದ ಸಿಂಗಾಪುರದಲ್ಲಿದ್ದವನು. ತನಗೇ ವೋಟು ಕೊಡಲಿಲ್ಲವೆಂದು ತಿಂಗಳುಗಟ್ಟಲೆ ಸ್ಪ್ಯಾನರ್ ಎತ್ತೆತ್ತಿ ಕುಕ್ಕಿದ್ದ. ಅದನ್ನು ಹೇಳಿ, “ಇಂಗ್ಲೆಂಡಿನವನಿಗೇ ಇಲ್ಲದ ವೋಟು ಮೈಸೂರಿನವರಿಗೆ ಸಿಕ್ತಾ?” ಎಂದೆ.

“ಸಿಕ್ತು ಸಾರ್.”

“ಐಡಿ ಏನು ತೋರಿಸಿದ್ರಿ?”

“ಏನೂ ಕೇಳಲ್ಲ. ಹೆಸರು, ಅಡ್ರೆಸ್ ಹೇಳಿದ್ರೆ ಸಾಕು.”

“ಬೆರಳಿಗೆ ಶಾಯಿ?”

“ಇಲ್ಲ. ದಾರದಲ್ಲಿ ಪೆನ್ಸಿಲ್ ಕಟ್ಟಿರ್ತಾರೆ. ಅದ್ರಲ್ಲೇ ಗುರುತು ಹಾಕೋದು.”

“ಪೆನ್ಸಿಲ್ಲಾ?” ಎಂದು ನಾನು ಟೇಬಲ್ಲಿನ ಸುತ್ತ ನೋಡಿದೆ. ಇಷ್ಟು ಸಾಕಾಯಿತು. “ಜೊತೆಗೆ ರಬ್ಬರ್ರೂ ಕೊಡ್ತಾರೇನ್ರೀ?” ಎಂದರು ನಾಗರಾಜ್, ನಮ್ಮಲ್ಲಿ ನಗಿಸುವ ಹೊಣೆ ಹೊತ್ತವರು. ಎರಡು ಟೇಬಲ್ ಆಚೆಯವರೂ ತಿರುಗಿ ನೋಡುವಂತೆ ನಕ್ಕೆವು. ಪ್ರಸನ್ನ ಎದ್ದು ಹೋದ. ಸಂಜೆಯೊಳಗೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವನು ಪೆನ್ಸಿಲ್ ಪ್ರಸನ್ನನಾದ. ಹೆಸರಿಟ್ಟವನು ನಾನೇ.

“ಅವ್ರು ಸುಳ್ಳು ಹೇಳೋರ ಥರ ಕಾಣ್ಲಿಲ್ಲಪ್ಪ,” ಎಂದಳು ಸುಧಾ, ಮನೆಗೆ ಹೋಗುವಾಗ ಎಂಆರ್‌ಟಿ ರೈಲಿನಲ್ಲಿ.

“ಸುಳ್ಳು ಹೇಳೋರು ಯಾರೂ ಹಾಗೆ ಕಾಣಲ್ಲ,” ಎಂದೆ. ಜಾಣ ಮಾತು. ಅವಳು ಕಿಟಕಿಯ ಕಡೆ ತಿರುಗಿದಳು.

ಮುಂದಿನ ಭಾನುವಾರದಿಂದ ಪ್ರಸನ್ನ ಮಗನನ್ನು ಬಿಟ್ಟು, ಎದುರಿನ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್‌ನ ಕಲ್ಲು ಬೆಂಚಿನ ಮೇಲೆ ಒಬ್ಬನೇ ಕೂರತೊಡಗಿದ. ನಾವಿದ್ದಲ್ಲಿಂದ ಕಾಣುತ್ತಿತ್ತು. ಕರೆಯಬಹುದಿತ್ತು. ಅವನು ಕೂತಿದ್ದಾನೋ ಇಲ್ಲವೋ ಎಂದು ನಾನು ಪ್ರತಿ ವಾರ ನೋಡುತ್ತಿದ್ದೆ, ಕರೆಯುತ್ತಿರಲಿಲ್ಲ. ಒಂದೆರಡು ವರ್ಷಕ್ಕೆ ಅವರು ಬೆಂಗಳೂರಿಗೆ ಹೋದರೆಂದು ಕೇಳಿದೆ.

ಇಲ್ಲಿಯವರೆಗೆ ಕೇಳಿದ ಮಗಳು ಪೆನ್ಸಿಲ್ ಕೆಳಗಿಟ್ಟಳು. “ನೀನು ಚೆಕ್ ಮಾಡ್ದೆ ಅಲ್ವಾ ಅಪ್ಪಾ, ಹೆಸರಿಡೋಕೆ ಮುಂಚೆ?”

ಎಲ್ಲವನ್ನೂ ಸಂಶಯಿಸುವ ನಾನು ಇಷ್ಟು ವರ್ಷ ಅದೊಂದನ್ನು ತೆಗೆದು ನೋಡಿರಲಿಲ್ಲ. ಏಕೆಂದರೆ ನೋಡಿದರೆ ಏನು ಸಿಗುತ್ತದೆಂಬ ಗುಮಾನಿ ನನಗಿತ್ತು. ಲೀಡ್ಸ್‌ನಲ್ಲಿ ನಾವು ನಾಲ್ವರು ಭಾರತದ ಹುಡುಗರಿದ್ದ ಮನೆಗೆ ಒಂದು ಫಾರಂ ಬಂದಿತ್ತು: ಈ ಮನೆಯಲ್ಲಿರುವ ಮತದಾರರ ಹೆಸರು ಬರೆಯಿರಿ ಎಂದು. “ಇದು ಅವ್ರಿಗೆ ಕಣೋ, ನಮಗಲ್ಲ,” ಎಂದು ನಾನೇ ಅದನ್ನು ಬಿಸಿ ಸಾರಿನ ಪಾತ್ರೆಯಡಿ ಇಟ್ಟ ನೆನಪು. ಇದು ನಿಜವೋ, ಅಥವಾ ಪ್ರಸನ್ನನ ಮೇಲಿನ ಹೊಟ್ಟೆಕಿಚ್ಚು ಆಮೇಲೆ ಹೆಣೆದದ್ದೋ? ಸಾಕ್ಷಿಗೆ ಫಾರಂ ಇಲ್ಲ.

ಮಗಳ ಎದುರಿಗೇ ಕೂತು ಅಲ್ಲಿನ ಸರ್ಕಾರದ ಪುಟ ತೆರೆದೆ. ಓದುವಾಗಲೂ ಅವನು ಹೇಳಿದ್ದು ಸುಳ್ಳಾಗಿರಲಿ ಎಂದು ಒಳಗೊಂದು ದನಿ ಬೇಡುತ್ತಲೇ ಇತ್ತು. ಓದಿದ ಮೇಲೆ ಪ್ರಸನ್ನನ ಮೇಲೆ ಇನ್ನಷ್ಟು ಹೊಟ್ಟೆ ಉರಿಯಿತು. ಸುಧಾ ತನ್ನ ಫೋನಿನಿಂದ ಅವನ ನಂಬರ್ ಕಳಿಸಿದಳು. ಅವನ ಹೆಂಡತಿಯ ಜೊತೆ ಅವಳು ಇಷ್ಟು ವರ್ಷವೂ ಮಾತಾಡಿಕೊಂಡೇ ಇದ್ದಳಂತೆ. “ಗ್ರೂಪಲ್ಲೂ ಹಾಕಿ,” ಎಂದಳು. “ನಕ್ಕಿದ್ದು ಎಲ್ಲರೂ ತಾನೇ.”

ಅವನಿಗೆ ಕಳಿಸಿದ್ದನ್ನೇ ಗುಂಪಿಗೂ ಹಾಕಿದೆ. ಕ್ಷಮೆಯ ಎರಡು ಸಾಲಾದ ಮೇಲೆ, ನಾನು ಖಚಿತಪಡಿಸಿಕೊಂಡದ್ದು ಇಷ್ಟು: ಹದಿನೈದು ವರ್ಷಕ್ಕಿಂತ ಹೆಚ್ಚು ಹೊರಗಿದ್ದ ಬ್ರಿಟಿಷರಿಗೆ ಆ ವೋಟು ಇರಲಿಲ್ಲ, ಅಲ್ಲಿ ನೆಲೆಸಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದ ಭಾರತೀಯರಿಗೆ, ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ, ಭಾರತದ ಪಾಸ್‌ಪೋರ್ಟಿನಲ್ಲೇ, ಇತ್ತು.