ಬಾರ್ಸಿಲೋನಾ ಬೀಚಿನಲ್ಲಿ ನನ್ನ ವಾಯಿಲ್ ಸೀರೆ

ಸ್ನೇಹಿತರೇ, ಇವತ್ತು ಬಾರ್ಸಿಲೋನಾದ ಬೀಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಕ್ಕಟೆ ಬೀಚು, ಊರಿಗೆ ಊರೇ ಅಲ್ಲಿತ್ತು. ಸಮುದ್ರದಲ್ಲಿ ಮುಳುಗೆದ್ದ ಸೊಸೆಗೆ ಒದ್ದೆ ಬಟ್ಟೆ ಬದಲಿಸಲು ಒಂದು ಮರೆಯಿಲ್ಲ. ಅಮೆರಿಕದಲ್ಲಿ ನಾವಿರುವ ನಾರ್ತ್‌ವಿಲ್‌ನಲ್ಲೇ ಬಿಟ್ಟು ಬನ್ನಿ ಎಂದು ಮನೆಯವರೆಲ್ಲ ಹೇಳಿದ್ದ ಹಳೇ ವಾಯಿಲ್ ಸೀರೆಯನ್ನು ಚೀಲದಿಂದ ತೆಗೆದೆ. ಶ್ರೀರಂಗಪಟ್ಟಣದಲ್ಲಿ ಹೊಳೆಸ್ನಾನಕ್ಕೆ ಹೋದಾಗ ನಾವು ಹೀಗೇ ಸೀರೆಯನ್ನು ಪರದೆಯಂತೆ ಹಿಡಿಯುತ್ತಿದ್ದೆವು.

ಒಂದು ತುದಿಯನ್ನು ಮೊಮ್ಮಗಳ ಕೈಗೆ ಕೊಟ್ಟೆ. ಹೈಸ್ಕೂಲಿನವಳು, ಮಾನವೇ ಹೋದಂತೆ ಮುಖ ಮಾಡಿದಳು.

“ಅಜ್ಜಿ, ಪ್ಲೀಸ್, ನಾಟ್ ಹಿಯರ್. ಎವ್ರಿಬಡಿ ಈಸ್ ಲುಕಿಂಗ್.”

“ನೋಡಲಿ. ಕಾಣೋದು ಸೀರೆ ತಾನೇ? ಬಿಗಿಯಾಗಿ ಹಿಡಿ.”

ಸೊಸೆ ಈಚೆ ಬರುವಷ್ಟರಲ್ಲಿ, ಟವೆಲ್ ಸುತ್ತಿಕೊಂಡು ಒದ್ದಾಡುತ್ತಿದ್ದ ಆ ಊರಿನ ಹೆಂಗಸೊಬ್ಬಳು ಬಂದು, ಸೀರೆ ತೋರಿಸಿ, ತನ್ನನ್ನೂ ತೋರಿಸಿಕೊಂಡು ನಕ್ಕಳು. ಒಳಗೆ ಬಿಟ್ಟೆವು. ಅವಳ ಹಿಂದೆ ಅವಳ ಗೆಳತಿ, ಆಮೇಲೆ ನನ್ನ ವಯಸ್ಸಿನ ಒಬ್ಬಾಕೆ. ನೋಡುನೋಡುತ್ತ ಕ್ಯೂ ಆಯಿತು. ಇಡೀ ದಿನ ಅಂಗೈಯಗಲದ ಬಟ್ಟೆಯಲ್ಲಿ ಓಡಾಡಿದವರಿಗೂ ಮರೆ ಬೇಕು ನೋಡಿ.

ನನಗೆ ಕೈ ಸೋತು, “ಸಾಕು, ಮಡಚೋಣ” ಅಂದೆ. ಮೊಮ್ಮಗಳು ಬಿಡಲಿಲ್ಲ.

“ವೆಯ್ಟ್ ಅಜ್ಜಿ, ಪೀಪಲ್ ಆರ್ ಇನ್ ಲೈನ್. ನೆಕ್ಸ್ಟ್, ಪ್ಲೀಸ್.”

ಸೀರೆ ಈಗ ಹೋಟೆಲಿನ ಬಾಲ್ಕನಿಯಲ್ಲಿ ಒಣಗುತ್ತಿದೆ. ನಾಳೆಗೂ ಬೇಕಂತೆ, ಮೊಮ್ಮಗಳ ಅಪ್ಪಣೆ.