ಉಪ್ಪು ಮಂಜಿನ ಕೋಣೆಯಲ್ಲಿ ಕೆಂಪು ಗೆರೆ

ಕಳೆದ ವರ್ಷ ನವರಾತ್ರಿ ಮುಗಿದ ಮರುವಾರದ ಮಾತು. ಒಮಾನಿನ ದುಕ್ಮ್ ಬಂದರಿನ ಹತ್ತಿರದ ಪರೀಕ್ಷಾಲಯವೊಂದರಲ್ಲಿ ನಾನು ಎಂಜಿನಿಯರ್. ಸಮುದ್ರದಲ್ಲಿ ಉಕ್ಕಿಗೆ ವರ್ಷಗಟ್ಟಲೆ ಹಿಡಿಯುವ ತುಕ್ಕನ್ನು ಕೆಲವೇ ತಿಂಗಳಲ್ಲಿ ಹಿಡಿಸಿ ನೋಡುವುದು ನಮ್ಮ ಉದ್ಯೋಗ. "ಮನೆಯಲ್ಲಿ ಬಾಣಲೆಗೆ ತುಕ್ಕು ಹಿಡಿದರೆ ಬೈತೀಯ, ಅಲ್ಲಿ ಅದಕ್ಕೇ ಸಂಬಳ ತಗೋತೀಯ" ಎಂದು ದೂರದ ಅಲ್ ಹೈಲ್‌ನ ಮನೆಯಲ್ಲಿರುವ ನನ್ನ ಯಜಮಾನರು ಫೋನಿನಲ್ಲಿ ರೇಗಿಸುತ್ತಾರೆ.

ಆಗ ಜೆಟ್ಟಿಯ ಕಂಬದ ಆಳೆತ್ತರದ ತುಂಡಿಗೆ ಬಣ್ಣ ಬಳಿದು, ಸದಾ ಉಪ್ಪುನೀರಿನ ಮಂಜು ತುಂಬಿರುವ ಕೋಣೆಯಲ್ಲಿ ನಿಲ್ಲಿಸಿದ್ದೆವು. ಆ ಬಣ್ಣ ನಾನೇ ಹಟ ಹಿಡಿದು ಆರಿಸಿದ್ದು. ಹೊಸಬಳ ಮಾತು ಕೇಳಿ ಕೆಟ್ಟೆವೆಂದು ಮ್ಯಾನೇಜರ್ ಆಗಲೇ ಗೊಣಗುತ್ತಿದ್ದರು. ತುಕ್ಕು ಕಂಡರೆ ಬಣ್ಣದ ಜೊತೆ ನಾನೂ ಮನೆಗೆ.

ಅಂದು ಬಂದರಿನ ಎಂಜಿನಿಯರ್ ಸಾಲಿಂ ನೋಡಲು ಬಂದರು. ಬಾಗಿಲು ತೆರೆದೆ. ಕಂಬದ ಮೇಲಿಂದ ಕೆಳಗಿನವರೆಗೆ ಕೆಂಪು ಗೆರೆ ಇಳಿದಿತ್ತು!

"ಖಲಾಸ್" ಎಂದರು ಸಾಲಿಂ.

ನಮ್ಮ ಟೆಕ್ನೀಷಿಯನ್, ಉಡುಪಿಯ ಸದಾನಂದಣ್ಣ, ತಲೆ ಕೆರೆದುಕೊಂಡರು. "ಮೇಡಂ, ಅದು ತುಕ್ಕು ಅಲ್ಲ. ಆಯುಧ ಪೂಜೆ ದಿನ ನಾನು ಇಟ್ಟ ಕುಂಕುಮ, ಮಂಜಿನ ನೀರಿಗೆ ಇಳಿದದ್ದು."

"ಕಂಬಕ್ಕಾ?"

"ಮತ್ತೆಂತ? ಹೊರಗೆ ಮಿಶನಿಗೆ ಮಾತ್ರ ಇಟ್ರೆ ಸಾಕಾ? ಒಳಗೆ ಕಷ್ಟಪಡುದು ಅದೇ ಅಲ್ವಾ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಲಿಂ ಅವರಿಗೆ ವಿವರಿಸಿದರೆ, "ತುಕ್ಕು ಕಂಡಾಗ ಎಲ್ಲರೂ ಒಂದು ಕಥೆ ಹೇಳುತ್ತಾರೆ" ಎಂದು ಹಿಂದಿಯಲ್ಲಿ ಅಂದುಬಿಟ್ಟರು.

ಆಗ ಹೊಳೆಯಿತು. ಮೈಸೂರಿನಲ್ಲಿ ಅಜ್ಜಿ ಮನೆಯಲ್ಲೇ ಕುಂಕುಮ ಮಾಡುತ್ತಿದ್ದರು. ಅರಿಸಿನಕ್ಕೆ ಸುಣ್ಣ ಸೇರಿದರೆ ಕೆಂಪು, ಹುಳಿ ಬಿದ್ದರೆ ಮತ್ತೆ ಹಳದಿ. ತುಕ್ಕಿಗೆ ಆ ಗುಣವಿಲ್ಲ. ಗೆರೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಊಟದ ಡಬ್ಬಿಯಿಂದ ನಿಂಬೆಹೋಳು ತಂದೆ. ದೇವರೇ, ಇದು ಅಂಗಡಿಯ ಬಣ್ಣದ ಪುಡಿ ಆಗದಿರಲಿ ಎಂದು ಬೇಡಿಕೊಂಡು ಬಟ್ಟೆಯ ಮೇಲೆ ಹಿಂಡಿದೆ. ಕೆಂಪು ಕಣ್ಣೆದುರೇ ಹಳದಿಯಾಯಿತು. ಒರೆಸಿದ ಜಾಗದಲ್ಲಿ ನನ್ನ ಬಣ್ಣ ಒಂದಿಷ್ಟೂ ಬಿರುಕಿಲ್ಲದೆ ಹೊಳೆಯುತ್ತಿತ್ತು.

ಸಾಲಿಂ ಬಟ್ಟೆ ಮೂಸಿ ನೋಡಿ ಜೋರಾಗಿ ನಕ್ಕರು. "ಅಪ್ಪ ಹೊಸ ದೋಣಿ ಇಳಿಸುವಾಗ ನಮ್ಮಮ್ಮ ಲೋಬಾನದ ಹೊಗೆ ಹಾಕುತ್ತಿದ್ದಳು. ಹೊಗೆಯಾದರೆ ಕಲೆ ಉಳಿಯುವುದಿಲ್ಲ, ಸದಾನಂದ್!" ಕಂಬ ತೊಳೆದು, ನಡೆದದ್ದನ್ನು ವರದಿಯಲ್ಲಿ ಬರೆದು, ಪರೀಕ್ಷೆ ಮುಂದುವರಿಸಲು ಒಪ್ಪಿದರು. ಬಣ್ಣ ಪಾಸಾಯಿತು, ನಾನೂ ಉಳಿದೆ.

ಈ ವರ್ಷ ಆಯುಧ ಪೂಜೆಗೆ ಸಾಲಿಂ ತಾವೇ ಲೋಬಾನ ಹಿಡಿದು ಬಂದರು. ಸದಾನಂದಣ್ಣ ಭಕ್ತಿಯಿಂದ ಹೊಗೆ ಹಾಕಿದ್ದೇ ತಡ, ಬೆಂಕಿಯ ಅಲಾರಂ ಬಡಿದುಕೊಂಡಿತು. ಮ್ಯಾನೇಜರ್ ಸಹಿತ ಎಲ್ಲರೂ ಹೊರಗೋಡಿ ಬಿಸಿಲಲ್ಲಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದೆವು. ಅಂದಿನ ಗೆರೆ ತುಕ್ಕೇ ಆಗಿದ್ದರೆ ಇವರನ್ನೆಲ್ಲ ಬಿಟ್ಟು ಹೋಗಬೇಕಾಗುತ್ತಿತ್ತಲ್ಲ ಎಂದು ಆಗ ನನಗೆ ನಿಜವಾಗಿಯೂ ಭಯವಾಯಿತು.